ಬೇರೆ ಹೆಸರಿನ ಪೊಟ್ಟಣದಲ್ಲಿರುವ ಒಣ ಯೀಸ್ಟಿನ ಮೂಲವನ್ನು ಪತ್ತೆ ಹಚ್ಚುವ ಬಗೆ

ಮನೆಯಲ್ಲಿ ಬಿಯರ್ ತಯಾರಿಸುವವರಿಗೆ ದೊರೆಯುವ ಒಣ ಯೀಸ್ಟಿನ ಹೆಸರುಗಳು ಹತ್ತಾರು ಇದ್ದರೂ ಅದನ್ನು ಬೆಳೆಸಿ ಒಣಗಿಸುವ ಕಂಪನಿಗಳು ಕೆಲವೇ. ಲೆಸಾಫ್ರ್ ಸಮೂಹದ ಫರ್ಮೆಂಟಿಸ್, ಕೆನಡಾ ಮೂಲದ ಲಾಲೆಮಂಡ್, ಎಬಿ ಮೌರಿ ಮತ್ತು ಚೀನಾದ ಏಂಜೆಲ್ ಅವುಗಳಲ್ಲಿ ಮುಖ್ಯವಾದವು. ಬ್ರೂವರಿಗಳಿಗೆಂದು ಸಿದ್ಧವಾಗುವ 500 ಗ್ರಾಂ ಕಟ್ಟುಗಳನ್ನು ಒಡೆದು ಸಣ್ಣ ಪೊಟ್ಟಣಗಳಲ್ಲಿ ತುಂಬಿ ತಮ್ಮ ಹೆಸರಿನಲ್ಲಿ ಮಾರುವವರು ಮೂಲವನ್ನು ಹೇಳಬೇಕಾದ ಅಗತ್ಯವೇನೂ ಕಾಣುವುದಿಲ್ಲ. ಆದರೆ ಮೂಲ ತಿಳಿದರೆ ತಯಾರಕರ ತಾಂತ್ರಿಕ ವಿವರವೇ ನಮಗೆ ಒದಗುತ್ತದೆ. ಬಾಟಲಿಯಲ್ಲಿ ಅತಿಯಾದ ಒತ್ತಡ ಉಂಟುಮಾಡಬಲ್ಲ ತಳಿಗಳ ವಿಷಯದಲ್ಲಂತೂ ಈ ತಿಳಿವು ಅನಿವಾರ್ಯ.

ಮೊದಲು ಲೇಬಲನ್ನು ಓದಬೇಕು, ಆದರೆ ಅದರ ಮೇಲಿನ ಹೆಸರನ್ನಲ್ಲ, ಅಂಕಿಗಳನ್ನು. ಲಾಲೆಮಂಡ್‌ನ ಸಣ್ಣ ಪೊಟ್ಟಣ 11 ಗ್ರಾಂ, ಫರ್ಮೆಂಟಿಸ್‌ನದು 11.5 ಗ್ರಾಂ, ಮರುಪ್ಯಾಕ್ ಮಾಡಿದವರು ತೂಕವನ್ನು ಬದಲಿಸಿದ್ದರೂ ತಾಪಮಾನದ ವ್ಯಾಪ್ತಿಯನ್ನು ಹಾಗೆಯೇ ನಕಲು ಮಾಡುವುದುಂಟು. 10ರಿಂದ 25 ಡಿಗ್ರಿ ಸೆಲ್ಸಿಯಸ್ ಎಂಬ ಅಗಲವಾದ ವ್ಯಾಪ್ತಿಯನ್ನು ಕಂಡ ಕೂಡಲೇ ಲಾಲೆಮಂಡ್‌ನ ನಾಟಿಂಗ್‌ಹ್ಯಾಮ್ ನೆನಪಾಗಬೇಕು. ಪದಾರ್ಥಗಳ ಪಟ್ಟಿಯಲ್ಲಿ ಕಾಣುವ ಇ491 ಎಂಬ ಎಮಲ್ಸಿಫೈಯರ್ ಮಾತ್ರ ಯಾವ ಸುಳಿವನ್ನೂ ಕೊಡುವುದಿಲ್ಲ, ಏಕೆಂದರೆ ಅದನ್ನು ಇಬ್ಬರೂ ಬಳಸುತ್ತಾರೆ. ಹರಳಿನ ಬಣ್ಣ, ಆಕಾರಗಳನ್ನು ನೋಡಿ ತೀರ್ಮಾನಿಸುವುದನ್ನೂ ನಾನು ಒಪ್ಪುವುದಿಲ್ಲ.

ಲೇಬಲಿನಿಂದ ಹುಟ್ಟಿದ ಅನುಮಾನವನ್ನು ಹುದುಗುವಿಕೆಯಲ್ಲಿ ಪರೀಕ್ಷಿಸಬೇಕು. ಒಂದೇ ಪಾತ್ರೆಯ ವರ್ಟನ್ನು (ಇನ್ನೂ ಹುದುಗದ ಮಾಲ್ಟ್ ರಸವನ್ನು) ಒಂದೊಂದು ಲೀಟರಿನಂತೆ ಎರಡು ಶುದ್ಧ ಜಾಡಿಗಳಿಗೆ ಹಂಚಿ, ಒಂದಕ್ಕೆ ಅಪರಿಚಿತ ಯೀಸ್ಟನ್ನೂ ಇನ್ನೊಂದಕ್ಕೆ ನಾವು ಶಂಕಿಸಿದ ಮೂಲ ಯೀಸ್ಟನ್ನೂ ಸಮ ತೂಕದಲ್ಲಿ ಹಾಕಿ, ಒಂದೇ ತಾಪಮಾನದಲ್ಲಿ ಇಟ್ಟು, ನೊರೆ ಏಳಲು ಹಿಡಿದ ಸಮಯ, ನೊರೆಯ ಸ್ವರೂಪ, ಯೀಸ್ಟು ತಳಕ್ಕೆ ಕೂರುವ ಬಗೆ ಮತ್ತು ಸಾಂದ್ರತೆ ಅಳೆಯುವ ಹೈಡ್ರೋಮೀಟರಿನ ಅಂತಿಮ ಓದನ್ನು ಬರೆದಿಡಬೇಕು. ಯಾವ ಜಾಡಿಯಲ್ಲಿ ಯಾವುದಿದೆ ಎಂಬುದು ರುಚಿ ನೋಡುವವರಿಗೆ ತಿಳಿದಿರಬಾರದು.

ಅಂತಿಮ ಸಾಂದ್ರತೆ ಬಹಳಷ್ಟು ಹೇಳುತ್ತದೆ. ಲಾಲೆಮಂಡ್‌ನ ವಿಂಡ್ಸರ್ ಮತ್ತು ಲಂಡನ್ ತಳಿಗಳೂ ಫರ್ಮೆಂಟಿಸ್‌ನ ಎಸ್-33 ಕೂಡ ಮಾಲ್ಟೋಟ್ರಯೋಸ್ ಎಂಬ ಸಕ್ಕರೆಯನ್ನು ಹುದುಗಿಸುವುದಿಲ್ಲವಾದ್ದರಿಂದ ಬಿಯರಿನಲ್ಲಿ ಹೆಚ್ಚು ಸಕ್ಕರೆ ಉಳಿದು ಸಾಂದ್ರತೆ ಮೇಲೆಯೇ ನಿಲ್ಲುತ್ತದೆ. ಆದರೆ ಈ ಮೂರರಲ್ಲಿ ಯಾವುದೆಂದು ಸಾಂದ್ರತೆಯೊಂದೇ ಹೇಳಲಾರದು. ಲವಂಗದಂಥ ಕಂಪು ಬಂದರೆ ಫರ್ಮೆಂಟಿಸ್‌ನ ಯುಎಸ್-05, ನಾಟಿಂಗ್‌ಹ್ಯಾಮ್‌ನಂಥ ತಟಸ್ಥ ತಳಿಗಳನ್ನು ಪಟ್ಟಿಯಿಂದ ತೆಗೆದುಹಾಕಬಹುದು. ಅದರ ಜೊತೆಗೆ ಸಾಂದ್ರತೆ ಅಸಹಜವಾಗಿ ಕೆಳಗಿಳಿದರೆ ಲಾಲೆಮಂಡ್‌ನ ಬೆಲ್ ಸೈಸನ್, ಫರ್ಮೆಂಟಿಸ್‌ನ ಡಬ್ಲ್ಯುಬಿ-06, ಬಿಇ-134 ಇವುಗಳ ಕಡೆ ನೋಡಬೇಕು: ಇವುಗಳಲ್ಲಿರುವ ಎಸ್‌ಟಿಎ1 ಜೀನಿನಿಂದಾಗಿ ಬೇರೆ ಯೀಸ್ಟುಗಳು ಹುದುಗಿಸಲಾರದ ಡೆಕ್ಸ್‌ಟ್ರಿನ್‌ಗಳೂ ಒಡೆದು ನಿಧಾನವಾಗಿ ಹುದುಗುತ್ತವೆ. ಹಾಗಾಗಿ ಇಂಥ ಯೀಸ್ಟೆಂದು ಅನುಮಾನವಿದ್ದಾಗ ಓದು ಹಲವು ದಿನ ಬದಲಾಗದೆ ನಿಂತಿದೆಯೆಂದು ಖಚಿತವಾಗುವವರೆಗೆ ಬಾಟಲಿಗೆ ತುಂಬಬಾರದು.

ಲಾಗರ್ (ತಂಪಿನಲ್ಲಿ ಹುದುಗಿಸುವ ಬಿಯರ್) ಎಂದು ಬರೆದ ಪೊಟ್ಟಣದಲ್ಲಿ ಏಲ್ (ಬೆಚ್ಚಗೆ ಹುದುಗಿಸುವ ಬಿಯರ್) ಯೀಸ್ಟ್ ಇರುವುದೂ ಉಂಟು. ಇದನ್ನು ತಿಳಿಯಲು ಮಾಲ್ಟ್ ಅಗರ್ (ಯೀಸ್ಟು ಬೆಳೆಸುವ ಗಟ್ಟಿ ಪೋಷಕ) ತಟ್ಟೆಗಳೆರಡರಲ್ಲಿ ಯೀಸ್ಟನ್ನು ಗೀಚಿ, ಒಂದನ್ನು 25 ಡಿಗ್ರಿಯಲ್ಲೂ ಇನ್ನೊಂದನ್ನು 37 ಡಿಗ್ರಿಯಲ್ಲೂ ಇಡಬೇಕು. ಏಲ್ ಯೀಸ್ಟುಗಳು ಸಾಮಾನ್ಯವಾಗಿ ಎರಡರಲ್ಲೂ ಬೆಳೆಯುತ್ತವೆ, ನಿಜವಾದ ಲಾಗರ್ ಯೀಸ್ಟು 37ರಲ್ಲಿ ಬೆಳೆಯುವುದಿಲ್ಲ. ಜಾಡಿಯ ವರ್ಟಿನಲ್ಲಿ ಈ ಪರೀಕ್ಷೆ ಮಾಡಿದರೆ ದಾರಿ ತಪ್ಪುತ್ತದೆ, ಏಕೆಂದರೆ ಹೆಚ್ಚು ಯೀಸ್ಟು ಹಾಕಿದಾಗ ಅದು ಬೆಳೆಯದೆಯೂ ಸ್ವಲ್ಪ ಹುದುಗಿಸಬಲ್ಲದು.

ಎರಡು ಜಾಡಿಗಳು ಎಲ್ಲ ಗುಣಗಳಲ್ಲೂ ಹೊಂದಿಕೊಂಡರೂ ಸಾಬೀತಾಗುವುದು ತಳಿಯ ಹೋಲಿಕೆ ಮಾತ್ರ, ಕಾರ್ಖಾನೆಯಲ್ಲ. ಒಂದೇ ತಳಿಯನ್ನು ಇಬ್ಬರು ತಯಾರಕರು ಒಣಗಿಸಿರಬಹುದು. ಅಲ್ಲಿ ಪೊಟ್ಟಣದ ಮೇಲಿನ ಉತ್ಪಾದನಾ ದೇಶದ ಹೆಸರು ನೆರವಾದೀತು, ಆದರೆ ಅದು ಯೀಸ್ಟು ಬೆಳೆದ ದೇಶವೋ ತುಂಬಿದ ದೇಶವೋ ಎಂಬುದನ್ನು ಪದಗಳಲ್ಲೇ ಗಮನಿಸಬೇಕು. ಮಾರುವವರು ತಮ್ಮ ಪೂರೈಕೆದಾರರನ್ನು ಹೆಸರು ಬದಲಿಸದೆಯೇ ಬದಲಿಸಬಹುದಾದ್ದರಿಂದ ಬ್ಯಾಚ್ ಸಂಖ್ಯೆಯನ್ನೂ ಅವಧಿ ಮುಗಿಯುವ ದಿನಾಂಕವನ್ನೂ ಫಲಿತಾಂಶದ ಪಕ್ಕದಲ್ಲೇ ಬರೆದು, ಮುಂದಿನ ಬ್ಯಾಚಿನಲ್ಲಿ ನಡತೆ ಬೇರೆಯೆನಿಸಿದರೆ ಜಾಡಿಗಳನ್ನು ಮತ್ತೆ ಹೊರತೆಗೆಯಬೇಕು.