ಸುಸ್ತು ಮತ್ತು ಟೆಸ್ಟೋಸ್ಟೆರಾನ್: ನಡುವಯಸ್ಸಿನ ಗಂಡಸರು ಚಿಕಿತ್ಸೆಗೆ ಹೋಗುವ ಕ್ರಮ

ನಲವತ್ತೈದು ದಾಟಿದ ಗಂಡಸು ಸುಸ್ತು ಎಂದರೆ ಮನೆಯವರು ವಯಸ್ಸಿನ ಮೇಲೆ ಹಾಕುತ್ತಾರೆ, ಜಾಹೀರಾತುಗಳು ಟೆಸ್ಟೋಸ್ಟೆರಾನ್ ಎಂಬ ಪುರುಷ ಹಾರ್ಮೋನಿನ ಕೊರತೆಯ ಮೇಲೆ ಹಾಕುತ್ತವೆ. ಪರೀಕ್ಷೆಗೆ ಮುಂಚೆ ಎರಡನ್ನೂ ನಂಬಬೇಡಿ. ಈ ಹಾರ್ಮೋನು ನಿಜವಾಗಿಯೂ ಕಡಿಮೆಯಾದಾಗ ಸುಸ್ತಿಗಿಂತ ಸ್ಪಷ್ಟವಾಗಿ ಕಾಣುವ ಲಕ್ಷಣಗಳು ಮೂರು: ಲೈಂಗಿಕ ಆಸಕ್ತಿ ಕುಂದುವುದು, ಬೆಳಗಿನ ನಿಮಿರುವಿಕೆ ಅಪರೂಪವಾಗುವುದು ಮತ್ತು ನಿಮಿರುವಿಕೆಯ ದೌರ್ಬಲ್ಯ. 2010ರಲ್ಲಿ ಪ್ರಕಟವಾದ ಯುರೋಪಿನ ದೊಡ್ಡ ಅಧ್ಯಯನವೊಂದು ಈ ಮೂರು ಲಕ್ಷಣಗಳ ಜೊತೆಗೆ ರಕ್ತದಲ್ಲಿಯೂ ಮಟ್ಟ ಕಡಿಮೆ ಇದ್ದವರನ್ನು ಮಾತ್ರ ಎಣಿಸಿದಾಗ, 40ರಿಂದ 79 ವರ್ಷದ ಗಂಡಸರಲ್ಲಿ ಅಂಥವರು ಶೇಕಡಾ 2ರಷ್ಟು ಮಾತ್ರ ಇದ್ದರು. ಆದ್ದರಿಂದ ಬರೀ ಸುಸ್ತು ಇರುವವರು ಮೊದಲು ಬೇರೆ ಕಾರಣಗಳನ್ನು ಹುಡುಕಿಸಬೇಕು.

ಮೊದಲ ಭೇಟಿ ಸಾಮಾನ್ಯ ವೈದ್ಯಕೀಯ ವಿಭಾಗದಲ್ಲಾಗಲಿ. ನಿಮ್ಮ ತಾಲ್ಲೂಕು ಆಸ್ಪತ್ರೆಯೂ ಆದೀತು, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೂ ಆದೀತು. ಹಿಮೋಗ್ಲೋಬಿನ್, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಥೈರಾಯ್ಡ್‌ನ ಟಿಎಸ್‌ಎಚ್, ವಿಟಮಿನ್ ಬಿ12, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆಗಳ ಬಗ್ಗೆ ಕೇಳಿ. ಸುಸ್ತಿನ ಸಾಮಾನ್ಯ ಕಾರಣಗಳಲ್ಲಿ ಹಲವು ಇಲ್ಲಿಯೇ ಸಿಕ್ಕಿಬೀಳುತ್ತವೆ. ಹೆಂಡತಿಯೂ ಜೊತೆಗಿದ್ದರೆ ಒಳ್ಳೆಯದು, ಏಕೆಂದರೆ ಜೋರಾದ ಗೊರಕೆಯ ನಡುವೆ ಉಸಿರು ಕಟ್ಟುವುದನ್ನು ನೋಡಿರುವವರು ಅವರೇ, ಮತ್ತು ಹಗಲಿನ ತೂಕಡಿಕೆಗೆ ಆ ನಿದ್ರಾ ತೊಂದರೆಯೇ ಕಾರಣವಾಗಿರಬಹುದು. ಮನಸ್ಸು ಸದಾ ಕುಗ್ಗಿದ್ದರೆ, ಮದ್ಯಪಾನವಿದ್ದರೆ, ನೋವಿನ ಗುಳಿಗೆಗಳನ್ನೋ ಸ್ಟೀರಾಯ್ಡನ್ನೋ ಬಹಳ ದಿನಗಳಿಂದ ನುಂಗುತ್ತಿದ್ದರೆ ಅದನ್ನೂ ಮುಚ್ಚಿಡಬಾರದು. ಲೈಂಗಿಕ ವಿಷಯ ಹೇಳಲು ಸಂಕೋಚವಾದರೆ ಒಂದು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ. ಅದನ್ನು ಹೇಳದೆ ಬಂದರೆ ರೋಗನಿರ್ಣಯವೇ ದಾರಿ ತಪ್ಪುತ್ತದೆ.

ಟೆಸ್ಟೋಸ್ಟೆರಾನ್ ಪರೀಕ್ಷೆಯಲ್ಲಿ ಹೆಚ್ಚಿನ ಎಡವಟ್ಟು ಆಗುವುದು ರಕ್ತ ಕೊಡುವ ಹೊತ್ತಿನಲ್ಲಿ. ಈ ಹಾರ್ಮೋನು ಮುಂಜಾನೆ ಏರಿ ಸಂಜೆಗೆ ಇಳಿಯುತ್ತದೆ, ಊಟವಾದ ಮೇಲೂ ಇಳಿಯುತ್ತದೆ; ಹಾಗಾಗಿ ರಾತ್ರಿ ಚೆನ್ನಾಗಿ ಮಲಗಿ ಎದ್ದು, ಕಾಫಿ ತಿಂಡಿ ಮುಟ್ಟದೆ, ಬೆಳಿಗ್ಗೆ 7ರಿಂದ 10ರ ಒಳಗೆ ರಕ್ತ ಕೊಡಬೇಕು. ಹೊಸನಗರದ ಕಡೆಯ ಹಳ್ಳಿಯಿಂದ ಬಸ್ಸು ಹಿಡಿದು ಶಿವಮೊಗ್ಗ ತಲುಪಿ, ಸಾಲಿನಲ್ಲಿ ನಿಂತು, ಮಧ್ಯಾಹ್ನ ರಕ್ತ ಕೊಟ್ಟರೆ ಆರೋಗ್ಯವಂತರ ಅಂಕಿಯೂ ಕಡಿಮೆ ಬಂದೀತು. ಹತ್ತಿರದ ಪೇಟೆಯ ಲ್ಯಾಬಿನಲ್ಲಿ ಬೆಳಿಗ್ಗೆಯೇ ರಕ್ತ ತೆಗೆಸಿಕೊಂಡು ವರದಿಯನ್ನು ವೈದ್ಯರಿಗೆ ತೋರಿಸುವುದು ಮೇಲು. ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿಯೆಲ್ಲ ಸುಲಿತದಲ್ಲಿ ನಿದ್ದೆಗೆಟ್ಟವರೂ, ಮಂಗನ ಕಾಯಿಲೆ, ಇಲಿ ಜ್ವರ ಅಥವಾ ಬೇರಾವುದೇ ಗಟ್ಟಿ ಜ್ವರದಿಂದ ಈಗಷ್ಟೇ ಎದ್ದವರೂ ಪೂರ್ತಿ ಚೇತರಿಸಿಕೊಳ್ಳುವ ತನಕ ಕಾಯಬೇಕು, ಏಕೆಂದರೆ ನಿದ್ರಾಹೀನತೆಯೂ ಕಾಯಿಲೆಯೂ ಈ ಮಟ್ಟವನ್ನು ತಾತ್ಕಾಲಿಕವಾಗಿ ತಗ್ಗಿಸುತ್ತವೆ. ಕೂದಲಿಗೆಂದು ಹೆಚ್ಚು ಪ್ರಮಾಣದ ಬಯೋಟಿನ್ ಮಾತ್ರೆ ತಿನ್ನುವವರು ಅದನ್ನು ಮೊದಲೇ ತಿಳಿಸಲಿ. ಅದು ಕೆಲವು ಹಾರ್ಮೋನು ಪರೀಕ್ಷೆಗಳ ಅಂಕಿಗಳನ್ನೇ ತಪ್ಪಾಗಿಸುತ್ತದೆ.

ಒಂದು ಅಂಕಿ ಸಾಲದು. ಬೇರೆ ದಿನ ಇದೇ ಕ್ರಮದಲ್ಲಿ ಇನ್ನೊಮ್ಮೆ ಪರೀಕ್ಷಿಸಿ, ಎರಡೂ ಸಲ ಡೆಸಿಲೀಟರಿಗೆ ಸುಮಾರು 300 ನ್ಯಾನೋಗ್ರಾಂಗಿಂತ ಕಡಿಮೆ ಬಂದು, ಲಕ್ಷಣಗಳೂ ಇದ್ದರೆ ಮಾತ್ರ ಕೊರತೆ ಎನ್ನುತ್ತಾರೆ. ಆಮೇಲೆ ಮೆದುಳಿನ ಬುಡದಿಂದ ವೃಷಣಕ್ಕೆ ಆದೇಶ ಕೊಡುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನುಗಳನ್ನು ಮತ್ತು ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನನ್ನು ನೋಡಬೇಕು. ಎಲ್‌ಎಚ್ ಏರಿದ್ದರೆ ದೋಷ ವೃಷಣದಲ್ಲಿ. ಹದಿಹರೆಯದ ನಂತರ ಬಂದ ಮಂಗನಬಾವು ವೃಷಣಕ್ಕೆ ಇಳಿದು ಮಾಡಿಹೋದ ಹಾನಿ ಇಂಥದ್ದು. ಅದು ಏರದೆ ಇದ್ದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಕಡೆ ನೋಡಬೇಕಾಗುತ್ತದೆ, ಆಗ ಎಂಡೋಕ್ರೈನಾಲಜಿ (ಹಾರ್ಮೋನು ರೋಗಗಳ) ತಜ್ಞರ ಬಳಿಗೆ ಕಳುಹಿಸಲು ಕೇಳಿ. ಹೊಟ್ಟೆ ಬೆಳೆದು ಮಟ್ಟ ಸ್ವಲ್ಪವೇ ತಗ್ಗಿರುವವರಿಗೆ ತೂಕ ಇಳಿಸುವುದೇ ಮೊದಲ ಚಿಕಿತ್ಸೆ, ಮತ್ತು ತೂಕ ಇಳಿದಂತೆ ಮಟ್ಟ ತಾನಾಗಿ ಏರುತ್ತದೆ.

ಕೊರತೆ ಖಚಿತವಾದವರಿಗೆ ಜೆಲ್ ಅಥವಾ ಚುಚ್ಚುಮದ್ದು ಕೊಡುತ್ತಾರೆ. ನನ್ನ ಕಳಕಳಿಯ ಮಾತೆಂದರೆ, ಇನ್ನೂ ಮಕ್ಕಳು ಬೇಕೆನ್ನುವವರು ಇದನ್ನು ಶುರು ಮಾಡಲೇಬಾರದು, ಏಕೆಂದರೆ ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದೊಡನೆ ದೇಹ ವೀರ್ಯಾಣು ಉತ್ಪಾದನೆಯನ್ನು ತಗ್ಗಿಸುತ್ತದೆ. ಅಂಥವರಿಗೆ ಬೇರೆ ಔಷಧಿಗಳಿವೆ. ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿನ ಗ್ರಂಥಿ) ಅಥವಾ ಸ್ತನ ಕ್ಯಾನ್ಸರ್ ಇರುವವರಿಗೆ ಇದು ಸಲ್ಲದು. ಆರಂಭಕ್ಕೆ ಮೊದಲು ಪ್ರಾಸ್ಟೇಟಿನ ಸ್ಥಿತಿ ಸೂಚಿಸುವ ಪಿಎಸ್‌ಎ ಮತ್ತು ರಕ್ತದಲ್ಲಿ ಕೆಂಪು ಕಣಗಳ ಪಾಲು ತೋರಿಸುವ ಹಿಮ್ಯಾಟೊಕ್ರಿಟ್ ಪರೀಕ್ಷೆ ಆಗಲೇಬೇಕು. ಜೆಲ್ ಹಚ್ಚಿದ ಜಾಗ ಬಟ್ಟೆಯಿಂದ ಮುಚ್ಚಿರಲಿ, ಕೈ ತೊಳೆಯದೆ ಮಕ್ಕಳನ್ನು ಎತ್ತಿಕೊಳ್ಳಬೇಡಿ. 2023ರ ದೊಡ್ಡ ಪ್ರಯೋಗವೊಂದರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಹೆಚ್ಚಾಗಲಿಲ್ಲವಾದರೂ, ಹೃದಯ ಬಡಿತದ ಏರುಪೇರು ಮತ್ತು ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವ ಪ್ರಕರಣಗಳು ಹೆಚ್ಚು ಕಂಡವು. ಹೃದ್ರೋಗವಿರುವವರು ಇದನ್ನು ವೈದ್ಯರೊಂದಿಗೆ ಬಿಡಿಸಿ ಮಾತಾಡಬೇಕು. ಏನು ಬೆರೆತಿದೆ ಎಂದು ತಿಳಿಯದ ಶಕ್ತಿವರ್ಧಕ ಪುಡಿಗಳಿಂದ ದೂರವಿರಿ.

ಮೂರರಿಂದ ಆರು ತಿಂಗಳೊಳಗೆ ಮತ್ತೆ ರಕ್ತ ತೋರಿಸಿ, ಹಿಮ್ಯಾಟೊಕ್ರಿಟ್ ಶೇಕಡಾ 54 ದಾಟಿದರೆ ವೈದ್ಯರು ಔಷಧಿ ನಿಲ್ಲಿಸುತ್ತಾರೆ. ಮಟ್ಟ ಸರಿಹೋಗಿ ಆರು ತಿಂಗಳಾದರೂ ಸುಸ್ತು ಹಾಗೆಯೇ ಉಳಿದಿದ್ದರೆ ಡೋಸು ಏರಿಸಲು ಒತ್ತಾಯಿಸಬೇಡಿ, ಬೇರೆ ಕಾರಣವನ್ನು ಮೊದಲಿನಿಂದ ಹುಡುಕಲು ಕೇಳಿ.