ಮಂಡಿ ನೋವಿನ ಹಿಂದೆ ನರದ ಗಡ್ಡೆ: ನನ್ನ ಅನುಭವ

ಮಂಡಿ ನೋವೆಂದು ಬರುವವರಲ್ಲಿ ಹೆಚ್ಚಿನವರಿಗೆ ಕೀಲಿನ ಸವೆತವೋ ಮೆನಿಸ್ಕಸ್ (ಕೀಲಿನೊಳಗಿನ ಮೆತ್ತೆಯಂಥ ಮೃದ್ವಸ್ಥಿ) ಹರಿದಿರುವುದೋ ಕಾರಣವಾಗಿರುತ್ತದೆ; ಮೂಳೆ ವೈದ್ಯನಾದ ನಾನು ಮೊದಲು ಹುಡುಕುವುದೂ ಅವನ್ನೇ. ಮಧ್ಯವಯಸ್ಸಿನ ಒಬ್ಬ ಮಹಿಳೆಯ ನೋವು ಮಾತ್ರ ಈ ಯಾವ ಲೆಕ್ಕಕ್ಕೂ ಬರಲಿಲ್ಲ. ಮೆಟ್ಟಿಲು ಹತ್ತುವಾಗ ಇರದ ನೋವು, ಮಗ್ಗುಲು ಬದಲಿಸುವಾಗ ಎರಡು ಮಂಡಿಗಳು ಒಂದಕ್ಕೊಂದು ತಾಗಿದರೆ ಏಳುತ್ತಿತ್ತು. “ಕರೆಂಟ್ ಹೊಡೆದ ಹಾಗೆ ಪಾದದ ತನಕ ಹೋಗುತ್ತದೆ ಡಾಕ್ಟ್ರೇ” ಎಂದರು. ಕೀಲಿನಲ್ಲಿ ನೀರು ತುಂಬಿರಲಿಲ್ಲ, ಮಂಡಿ ಪೂರ್ತಿ ಮಡಚುತ್ತಿತ್ತು, ಎಕ್ಸ್‌ರೇಯಲ್ಲೂ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

ಇಂಥಲ್ಲಿ ಸ್ಕ್ಯಾನ್‌ಗೆ ಬರೆದುಕೊಡುವ ಮೊದಲು ನರದ ಹಾದಿಯನ್ನು ಬೆರಳ ತುದಿಯಿಂದ ತಡವಿ ನೋಡುತ್ತೇನೆ. ಮಂಡಿಯ ಒಳಬದಿಯಲ್ಲಿ, ಸಫೀನಸ್ ನರ ಸಾಗುವ ಜಾಗದಲ್ಲಿ, ಸಣ್ಣ ಗಂಟೊಂದು ಸಿಕ್ಕಿತು. ಅದು ಅಡ್ಡಕ್ಕೆ ಜರುಗುತ್ತಿತ್ತೇ ಹೊರತು ನರದ ಉದ್ದಕ್ಕೆ ಜರುಗುತ್ತಿರಲಿಲ್ಲ. ಮೆಲ್ಲನೆ ತಟ್ಟಿದರೆ ಅದೇ ಜುಮ್ಮು ಕಣಕಾಲಿನತ್ತ ಇಳಿಯುತ್ತಿತ್ತು. ಟಿನೆಲ್ ಚಿಹ್ನೆ ಎನ್ನುವುದು ಇದಕ್ಕೇ.

ಮಂಡಿಯ ಎಂ.ಆರ್.ಐ. ಕೀಲನ್ನೇ ಗುರಿಯಾಗಿಟ್ಟುಕೊಳ್ಳುವುದರಿಂದ ಚರ್ಮದಡಿಯ ಗಂಟು ಅಂಚಿಗೆ ಸರಿದು ಕಣ್ತಪ್ಪಬಹುದು. ಆದ್ದರಿಂದ ಗಂಟಿನ ಮೇಲೆ ವಿಟಮಿನ್ ಇ ಕ್ಯಾಪ್ಸೂಲ್ ಅಂಟಿಸಿ ಕಳುಹಿಸಿದೆ. ಅದರ ಎಣ್ಣೆ ಟಿ1 ಎಂಬ ಬಗೆಯ ಎಂ.ಆರ್.ಐ. ಚಿತ್ರದಲ್ಲಿ ಬೆಳ್ಳಗೆ ಎದ್ದು ಕಂಡು ಗಂಟಿನ ಜಾಗವನ್ನು ತೋರಿಸುತ್ತದೆ. ಟಿ2 ಎಂಬ ಇನ್ನೊಂದು ಬಗೆಯ ಚಿತ್ರದಲ್ಲಿ ಅಂಚು ಬೆಳ್ಳಗೆ, ನಡು ಕಪ್ಪಗೆ ಇದ್ದ ಗಡ್ಡೆಯ ಎರಡೂ ತುದಿಗಳಲ್ಲಿ ನರ ಒಳಹೊಕ್ಕು ಹೊರಬರುವುದು ಕಂಡಿದ್ದರಿಂದ ಶ್ವಾನೋಮಾ (ನರವನ್ನು ಸುತ್ತುವ ಶ್ವಾನ್ ಜೀವಕೋಶಗಳಿಂದ ಬೆಳೆಯುವ ಗಡ್ಡೆ) ಎಂಬ ಅನುಮಾನ ಬಲವಾಯಿತು. ಸೂಜಿ ಬಯಾಪ್ಸಿ ನರಕ್ಕೆ ಪೆಟ್ಟು ಮಾಡಬಹುದೆಂದು ಅದನ್ನು ಕೈಬಿಟ್ಟೆ.

ಶಸ್ತ್ರಚಿಕಿತ್ಸೆಯಲ್ಲಿ ಲೂಪ್ (ಕಣ್ಣಿಗೆ ತೊಡುವ ಭೂತಗನ್ನಡಿ) ಧರಿಸಿ, ನರದ ಹೊರಪೊರೆಯನ್ನು ತಂತುಗಳಿಲ್ಲದ ಕಡೆ ಉದ್ದಕ್ಕೆ ಸೀಳಿದೆ. ಶ್ವಾನೋಮಾ ನರತಂತುಗಳನ್ನು ಪಕ್ಕಕ್ಕೆ ತಳ್ಳಿ ತನ್ನದೇ ಪೊರೆಯೊಳಗೆ ಬೆಳೆಯುವುದರಿಂದ, ಸಾಮಾನ್ಯವಾಗಿ ನರವನ್ನು ಕತ್ತರಿಸದೆ ಅದನ್ನು ಬಿಡಿಸಿ ತೆಗೆಯಬಹುದು. ತಂತುಗಳೊಂದಿಗೆ ಹೆಣೆದುಕೊಳ್ಳುವ ನ್ಯೂರೋಫೈಬ್ರೋಮಾ ಎಂಬ ಇನ್ನೊಂದು ಬಗೆಯ ನರದ ಗಡ್ಡೆಯಲ್ಲಿ ಈ ಸೌಲಭ್ಯವಿಲ್ಲ. ಸಫೀನಸ್ ಸ್ಪರ್ಶದ ನರವಾದ್ದರಿಂದ ಆತಂಕ ಕಡಿಮೆಯಿತ್ತು. ಇದೇ ಗಡ್ಡೆ ಮಂಡಿಯ ಹೊರಬದಿಯ ಪೆರೋನಿಯಲ್ ನರದಲ್ಲಿದ್ದರೆ ಪಾದ ಜೋತುಬೀಳುವ ಅಪಾಯವಿರುತ್ತದೆ. ಅಲ್ಲಿ ಸಣ್ಣ ವಿದ್ಯುತ್ ಕೊಟ್ಟು, ಸ್ನಾಯು ಮಿಡಿಯುವುದನ್ನು ನೋಡಿ ತಂತುಗಳನ್ನು ಗುರುತಿಸುವ ನರ ಉತ್ತೇಜಕ ಸಾಧನ ಬೇಕೇ ಬೇಕು. ಆಗ ಸ್ನಾಯು ಸಡಿಲಿಸುವ ಔಷಧದ ಪ್ರಭಾವ ಉಳಿದಿರಬಾರದೆಂದು ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿಸಿರಬೇಕು. ರಕ್ತ ತಡೆಯಲು ತೊಡೆಗೆ ಕಟ್ಟುವ ಪಟ್ಟಿಯಾದ ಟೂರ್ನಿಕೆಯನ್ನು ಬಹಳ ಹೊತ್ತು ಬಿಗಿದಿಟ್ಟರೂ ನರ ಸ್ಪಂದಿಸುವುದಿಲ್ಲ.

ಪೆಥಾಲಜಿ ವರದಿಯಲ್ಲಿ ಶ್ವಾನೋಮಾದ ಗುರುತಾದ ಆಂಟೋನಿ ಎ (ಜೀವಕೋಶಗಳು ಒತ್ತಾಗಿರುವ) ಮತ್ತು ಬಿ (ಸಡಿಲವಾಗಿರುವ) ಭಾಗಗಳೆರಡೂ ಇದ್ದವು, ಶ್ವಾನ್ ಜೀವಕೋಶಗಳನ್ನು ಗುರುತಿಸಲು ನೆರವಾಗುವ ಎಸ್-100 ಪ್ರೋಟೀನ್ ಪರೀಕ್ಷೆ ಪಾಸಿಟಿವ್ ಬಂದಿತ್ತು. ಗಡ್ಡೆ ಕ್ಯಾನ್ಸರಿನದಲ್ಲ ಎಂಬುದು ಖಚಿತವಾಯಿತು. ಮಿಂಚಿನಂಥ ನೋವು ನಿಂತಿತಾದರೂ ಮಂಡಿಯ ಕೆಳಗೆ ಅಂಗೈಯಷ್ಟು ಜಾಗದ ಮರಗಟ್ಟುವಿಕೆ ಹೋಗಲು ತಿಂಗಳುಗಳೇ ಬೇಕಾದವು. ಮೈಯಲ್ಲಿ ಬೇರೆಲ್ಲೂ ಗಂಟುಗಳಿರಲಿಲ್ಲ, ಕಿವಿ ಚೆನ್ನಾಗಿ ಕೇಳಿಸುತ್ತಿತ್ತು, ಮನೆತನದಲ್ಲಿ ಯಾರಿಗೂ ಇಂಥ ತೊಂದರೆ ಇರಲಿಲ್ಲ. ಹಾಗಾಗಿ, ಕಿವಿಯ ನರವೂ ಸೇರಿ ಹಲವು ನರಗಳಲ್ಲಿ ಇಂಥ ಗಡ್ಡೆ ಬೆಳೆಸುವ ಆನುವಂಶಿಕ ಕಾಯಿಲೆಯನ್ನು ಪತ್ತೆಮಾಡುವ ಎನ್‌ಎಫ್2 ಜೀನ್ ಪರೀಕ್ಷೆಗೆ ಕಳುಹಿಸಲಿಲ್ಲ.