ಸಿ945 ಇಲ್ಲ, ಬಿಸಿ547 ಹಾಕಿದ್ರೆ ಆಗುತ್ತಾ?

ಗಣೇಶನ ಹಬ್ಬಕ್ಕೆ ಎರಡೇ ದಿನ ಇತ್ತು. ಪಕ್ಕದ ಬೀದಿಯ ಹುಡುಗರು ಹಳೇ ಆಂಪ್ಲಿಫೈಯರ್ ಒಂದನ್ನು ಹೊತ್ತು ತಂದು ನನ್ನ ಟೇಬಲ್ ಮೇಲೆ ಇಟ್ಟರು. "ಅಣ್ಣಾ, ಹಾಡು ಬರುತ್ತೆ, ಮೈಕ್ ಮಾತ್ರ ಬರ್ತಿಲ್ಲ. ನಾಳೆ ಸಂಜೆಯೊಳಗೆ ಬೇಕೇ ಬೇಕು" ಅಂದರು. ಬಿಚ್ಚಿ ನೋಡಿದೆ. ಮೈಕಿನ ಸಣ್ಣ ಸಿಗ್ನಲನ್ನು ಮೊದಲು ದೊಡ್ಡದು ಮಾಡುವ ಪ್ರಿಆಂಪ್‌ನಲ್ಲಿದ್ದ ಸಿ945 ಅನ್ನೋ ಟ್ರಾನ್ಸಿಸ್ಟರ್ ಹೋಗಿತ್ತು. ಟ್ರಾನ್ಸಿಸ್ಟರಿಗೆ ಮೂರು ಕಾಲು: ಬೇಸ್, ಕಲೆಕ್ಟರ್, ಎಮಿಟರ್. ಇಲ್ಲಿ ಸಿಗ್ನಲ್ ಬೇಸ್‌ಗೆ ಹೋಗಿ ಕಲೆಕ್ಟರ್‌ನಿಂದ ದೊಡ್ಡದಾಗಿ ಹೊರಬರುತ್ತದೆ. ಬೇಸ್‌ನಿಂದ ಎಮಿಟರ್‌ಗೆ ಮೀಟರ್ ಏನೂ ತೋರಿಸುತ್ತಿರಲಿಲ್ಲ, ಪೂರ್ತಿ ಓಪನ್, ಅಂದರೆ ಒಳಗೆ ಕಡಿದುಹೋಗಿತ್ತು.

ನನ್ನ ಡಬ್ಬಿಯಲ್ಲಿ ಸಿ945 ಇರಲಿಲ್ಲ. ಬಿಸಿ547 ಮಾತ್ರ ರಾಶಿ ಇತ್ತು. ಎರಡೂ ಎನ್‌ಪಿಎನ್ ಜಾತಿ (ಇದರ ಉಲ್ಟಾ ಜಾತಿ ಪಿಎನ್‌ಪಿ), ಎರಡೂ ಸಿಲಿಕಾನ್, ಎರಡೂ 100 ಮಿಲಿಆಂಪಿಯರ್‌ನವು. ಅದು 50 ವೋಲ್ಟ್ ತಡೆದರೆ ಇದು 45. ಬೋರ್ಡಿನಲ್ಲಿ ಇರೋದೇ 12 ವೋಲ್ಟ್. ಇನ್ನೇನು ಯೋಚನೆ ಅಂತ ಅದೇ ತೂತುಗಳಿಗೆ ಬಿಸಿ547 ಕೂರಿಸಿ ಬೆಸುಗೆ ಹಾಕಿದೆ. ಮೈಕ್ ಚುಚ್ಚಿ "ಹಲೋ" ಅಂದೆ. ಉಸಿರೇ ಇಲ್ಲ.

ಕಲೆಕ್ಟರ್ ತೂತಿನಲ್ಲಿ ಮೀಟರ್ ಇಟ್ಟರೆ 0.6 ವೋಲ್ಟ್. ಹೊಸ ಟ್ರಾನ್ಸಿಸ್ಟರೇ ಕೆಟ್ಟಿದೆ ಅಂದುಕೊಂಡು ಇನ್ನೊಂದು ಹಾಕಿದೆ. ಮತ್ತೆ 0.6. ಆಗ ತಲೆಗೆ ಹೊಳೆಯಿತು. ಆ 0.6 ವೋಲ್ಟ್ ಅಂದರೆ ಒಂದು ಡಯೋಡಿನ ಗುರುತು, ಟ್ರಾನ್ಸಿಸ್ಟರಿನ ಬೇಸ್ ಉಳಿದೆರಡು ಕಾಲುಗಳ ಕಡೆಗೆ ಡಯೋಡಿನ ಹಾಗೇ ಇರುತ್ತದೆ. ನಾನು ಕಲೆಕ್ಟರ್ ಅಂದುಕೊಂಡ ಜಾಗದಲ್ಲಿ ಈಗ ಬೇಸ್ ಕೂತಿದೆ!

ಚಪ್ಪಟೆ ಮುಖ ನಮ್ಮ ಕಡೆಗೆ, ಕಾಲುಗಳು ಕೆಳಗೆ ಇರುವ ಹಾಗೆ ಹಿಡಿದರೆ ಬಿಸಿ547ರ ಕಾಲುಗಳು ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಸಿ945ರದ್ದು ಎಮಿಟರ್, ಕಲೆಕ್ಟರ್, ಬೇಸ್. ಸಿ1815 ಕೂಡ ಹಾಗೇ, ಜಪಾನಿನ ಬಹಳಷ್ಟು ಸಣ್ಣ ಟ್ರಾನ್ಸಿಸ್ಟರ್‌ಗಳಲ್ಲಿ ಕಲೆಕ್ಟರ್ ನಡುವೆ ಇರುತ್ತದೆ. ಅಮೆರಿಕದ 2ಎನ್3904, ಚೀನಾ ಬೋರ್ಡುಗಳಲ್ಲಿ ಕಾಣುವ ಎಸ್8050, ಎಸ್9014 ಇವೆಲ್ಲ ಎಮಿಟರ್, ಬೇಸ್, ಕಲೆಕ್ಟರ್. 2ಎನ್3904 ಜಾಗಕ್ಕೆ ಬಿಸಿ547 ಹಾಕುವುದು ಸುಲಭ. ಮುಖ ತಿರುಗಿಸಿ ಹಾಕಿದರೆ ಆಯಿತು. ಸಿ945 ಜಾಗಕ್ಕೆ ಹೇಗೆ ತಿರುಗಿಸಿದರೂ ಕೂರುವುದಿಲ್ಲ. ಬಿಸಿ547 ಅನ್ನು ತಿರುಗಿಸಿದರೆ ಎಮಿಟರ್ ಸರಿಯಾದ ತೂತಿಗೆ ಬರುತ್ತದೆ, ಆದರೆ ಬೇಸ್ ಮತ್ತು ಕಲೆಕ್ಟರ್ ಅದಲುಬದಲು. ಆ ಎರಡು ಕಾಲುಗಳನ್ನು ಒಂದರ ಮೇಲೊಂದು ದಾಟಿಸಬೇಕು. ನಾನು ತೆಳ್ಳಗಿನ ವೈರಿನ ಪ್ಲಾಸ್ಟಿಕ್ ಸಿಪ್ಪೆಯನ್ನು ಬಿಡಿಸಿ ನಡುವಿನ ಕಾಲಿಗೆ ತೊಡಿಸಿ ದಾಟಿಸುತ್ತೇನೆ. ನೋಡಲು ಚೆಂದ ಇರಲ್ಲ, ಕೆಲಸ ಮಾಡುತ್ತೆ.

ಮೈಕ್ ಬಂತು. ಆದರೆ ಕಥೆ ಮುಗಿಯಲಿಲ್ಲ. ಮೆಲ್ಲಗೆ ಮಾತಾಡಿದರೆ ಚೆನ್ನಾಗಿತ್ತು. ಹತ್ತಿರ ಹಿಡಿದು "ಗಣಪತಿ ಬಪ್ಪಾ" ಅಂತ ಕೂಗಿದರೆ ಪರಪರ ಹರಿದ ಹಾಗೆ ಕೇಳಿಸುತ್ತಿತ್ತು. ಹಬ್ಬದಲ್ಲಿ ಮೆಲ್ಲಗೆ ಮಾತಾಡುವವರು ಯಾರು?

ಕಲೆಕ್ಟರ್‌ನಲ್ಲಿ ಅಳೆದರೆ 2.5 ವೋಲ್ಟ್. 12 ವೋಲ್ಟ್ ಸಪ್ಲೈ ಇದ್ದಾಗ ಅಲ್ಲಿ ಸುಮಾರು ಅರ್ಧದಷ್ಟು ಇರಬೇಕು. ಆಗ ಸಿಗ್ನಲ್ ಮೇಲೆ ಕೆಳಗೆ ಎರಡೂ ಕಡೆ ಓಡಾಡಲು ಜಾಗ ಸಿಗುತ್ತದೆ. 2.5ಕ್ಕೆ ಬಂದು ಕೂತರೆ ಕೆಳಗಡೆ ಜಾಗ ಇಲ್ಲ, ಅಲೆಯ ಒಂದು ಬದಿ ಕತ್ತರಿಸಿ ಹೋಗುತ್ತದೆ.

ಸರ್ಕ್ಯೂಟ್ ತುಂಬ ಸರಳ. ಕಲೆಕ್ಟರ್‌ಗೆ ಸಪ್ಲೈನಿಂದ 10 ಕಿಲೋಓಮ್, ಕಲೆಕ್ಟರ್‌ನಿಂದ ಬೇಸ್‌ಗೆ 1 ಮೆಗಾಓಮ್, ಎಮಿಟರ್ ನೇರ ಗ್ರೌಂಡಿಗೆ, ಅಂದರೆ ಸಪ್ಲೈನ ಮೈನಸ್ ಕಡೆಗೆ. ಈ ಜೋಡಣೆಯಲ್ಲಿ ಕಲೆಕ್ಟರ್ ವೋಲ್ಟೇಜ್ ಎಲ್ಲಿ ನಿಲ್ಲುತ್ತದೆ ಅನ್ನುವುದು ಟ್ರಾನ್ಸಿಸ್ಟರಿನ ಗೇನ್, ಅಂದರೆ ಬೇಸ್ ಕರೆಂಟನ್ನು ಅದು ಎಷ್ಟು ಪಟ್ಟು ಮಾಡುತ್ತದೆ ಅನ್ನುವುದರ ಮೇಲೆ ನಿಂತಿದೆ. ಗೇನ್ 150 ಇದ್ದರೆ ಸುಮಾರು 5.1 ವೋಲ್ಟ್. 500 ಇದ್ದರೆ 2.5 ವೋಲ್ಟ್. ಹಳೇ ಸಿ945ರ ಮೈಮೇಲೆ 'ಆರ್' ಅಂತ ಅಕ್ಷರ ಇತ್ತು. ಅದು ಕಮ್ಮಿ ಗೇನ್ ಗುಂಪು, 90ರಿಂದ 180. ನಾನು ಹಾಕಿದ್ದು ಬಿಸಿ547ಸಿ. ಅದು 420ರಿಂದ 800. ಗೇನ್ ಜಾಸ್ತಿ ಇದ್ದರೆ ಒಳ್ಳೇದೇ ಅಲ್ವಾ ಅಂತ ಸುಮ್ನೆ ಹಾಕಿದ್ದೆ.

ಬಿಸಿ547ಎ ಇದ್ದಿದ್ದರೆ ಹಾಕಿಬಿಡುತ್ತಿದ್ದೆ, ಅದು 110ರಿಂದ 220. ನಮ್ಮ ಕಡೆ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಬಿ ಮತ್ತು ಸಿ. ಹಾಗಾಗಿ ಟ್ರಾನ್ಸಿಸ್ಟರ್ ಅಲ್ಲೇ ಬಿಟ್ಟು 1 ಮೆಗಾಓಮ್ ತೆಗೆದು 3.3 ಮೆಗಾಓಮ್ ಹಾಕಿದೆ. ಕಲೆಕ್ಟರ್ 5 ವೋಲ್ಟಿಗೆ ಏರಿತು. ಕೂಗಿದರೂ ಹರಿಯಲಿಲ್ಲ. ಹುಡುಗರು ರಾತ್ರಿಯೇ ಬಂದು ಒಯ್ದರು.

ಎಮಿಟರ್‌ಗೆ ರೆಸಿಸ್ಟರ್ ಇದ್ದು, ಬೇಸ್‌ಗೆ ಸಪ್ಲೈ ವೋಲ್ಟೇಜನ್ನು ಹಂಚಿ ಕೊಡುವ ಎರಡು ರೆಸಿಸ್ಟರ್‌ಗಳ ಡಿವೈಡರ್ ಇದ್ದಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಅಂಥ ಸರ್ಕ್ಯೂಟಿನಲ್ಲಿ ಗೇನ್ 150 ಆದರೂ 500 ಆದರೂ ಹೆಚ್ಚು ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೇ ಯಾರಾದರೂ "ಇದಕ್ಕೆ ಈಕ್ವಿವಲೆಂಟ್ ಯಾವುದು?" ಅಂತ ನಂಬರ್ ಮಾತ್ರ ಹೇಳಿ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: "ಬೋರ್ಡಿನಲ್ಲಿ ಅದು ಏನು ಕೆಲಸ ಮಾಡ್ತಿದೆ?"

ನನಗೆ ಕೆಲಸ ಕಲಿಸಿದ ಮಾವನ ಹತ್ತಿರ ಯಾವ ನಂಬರಿಗೆ ಯಾವುದು ಬದಲಿ ಅಂತ ಹೇಳುವ ದಪ್ಪ ಈಕ್ವಿವಲೆಂಟ್ ಪುಸ್ತಕ ಇತ್ತು. ಅವರು ಅದನ್ನು ತೆರೆಯುತ್ತಿದ್ದುದು ಕೊನೆಗೆ. ಮೊದಲು ಬೋರ್ಡ್ ತಿರುಗಿಸಿ ತಾಮ್ರದ ಹಾದಿ ನೋಡುತ್ತಿದ್ದರು. ಯಾವ ಕಾಲು ಗ್ರೌಂಡಿಗೆ ಹತ್ತಿರ, ಯಾವುದು ರೆಸಿಸ್ಟರ್ ಮೂಲಕ ಸಪ್ಲೈಗೆ ಹೋಗಿದೆ, ಯಾವುದಕ್ಕೆ ಸಿಗ್ನಲ್ ದಾಟಿಸುವ ಕಪ್ಲಿಂಗ್ ಕೆಪಾಸಿಟರ್ ಬಂದು ಸೇರಿದೆ. ನಂಬರ್ ಅಳಿಸಿಹೋದ ಟ್ರಾನ್ಸಿಸ್ಟರಿಗೂ ಹೀಗೆ ಕಾಲು ಗುರುತಿಸಬಹುದು. ನಾನು ಪುಸ್ತಕದ ಬದಲು ಫೋನಿನಲ್ಲಿ ಡೇಟಾಶೀಟ್ ನೋಡುತ್ತೇನೆ, ಅಷ್ಟೇ ವ್ಯತ್ಯಾಸ.

ನಂಬರಿನಿಂದಲೂ ಒಂದಷ್ಟು ತಿಳಿಯುತ್ತದೆ ಅನ್ನಿ. ಯುರೋಪಿನ ಹೆಸರುಗಳಲ್ಲಿ ಮೊದಲ ಅಕ್ಷರ ಎ ಆದರೆ ಜರ್ಮೇನಿಯಂ, ಬಿ ಆದರೆ ಸಿಲಿಕಾನ್. ಎರಡನೇ ಅಕ್ಷರ ಸಿ ಆದರೆ ಸಣ್ಣ ಆಡಿಯೋ ಕೆಲಸಕ್ಕೆ, ಎಫ್ ಆದರೆ ರೇಡಿಯೋ ಕೆಲಸಕ್ಕೆ. ಜಪಾನಿನದ್ದರಲ್ಲಿ 2ಎಸ್ಎ, 2ಎಸ್‌ಬಿ ಅಂದರೆ ಪಿಎನ್‌ಪಿ, 2ಎಸ್‌ಸಿ, 2ಎಸ್‌ಡಿ ಅಂದರೆ ಎನ್‌ಪಿಎನ್. ಮೈಮೇಲೆ 2ಎಸ್ ಬರೆಯುವುದಿಲ್ಲ, ಸಿ945 ಅಂತಷ್ಟೇ ಇರುತ್ತದೆ. ಅಮೆರಿಕದ 2ಎನ್ ನಂಬರ್ ಮಾತ್ರ ಬರೀ ನೋಂದಣಿ ನಂಬರ್, ಅದರಿಂದ ಏನೂ ಊಹಿಸಲಾಗದು. ಅದರಲ್ಲೂ ಒಂದು ಗುಂಡಿ ಇದೆ. ಪ್ಲಾಸ್ಟಿಕ್ ಪಿಎನ್2222ಎ ಕಾಲುಗಳು ಎಮಿಟರ್, ಬೇಸ್, ಕಲೆಕ್ಟರ್. ಪಿ2ಎನ್2222ಎ ಅಂತ ಇದ್ದರೆ ಅದು ಉಲ್ಟಾ: ಕಲೆಕ್ಟರ್, ಬೇಸ್, ಎಮಿಟರ್. ಒಂದು 2 ಹೆಚ್ಚು ಬಿದ್ದಿದ್ದಕ್ಕೆ ನಾನು ಅರ್ಧ ದಿನ ಕಳೆದಿದ್ದೇನೆ.

ಕಲೆಕ್ಟರ್, ಎಮಿಟರ್ ಅದಲುಬದಲಾದಾಗಿನ ಕಷ್ಟ ಏನೆಂದರೆ, ಸರ್ಕ್ಯೂಟ್ ಪೂರ್ತಿ ಸಾಯುವುದಿಲ್ಲ. ಟ್ರಾನ್ಸಿಸ್ಟರ್ ಹಿಂದುಮುಂದಾಗಿಯೂ ತುಸು ಕೆಲಸ ಮಾಡುತ್ತದೆ, ಗೇನ್ ಮಾತ್ರ ತೀರಾ ಕಮ್ಮಿ. ಧ್ವನಿ ಸಣ್ಣಗೆ ಬರುತ್ತಿರುತ್ತದೆ, ನಾವು ಕೆಪಾಸಿಟರ್ ಹುಡುಕುತ್ತಾ ಕೂತಿರುತ್ತೇವೆ. ಅನುಮಾನ ಬಂದರೆ ಮಲ್ಟಿಮೀಟರನ್ನು ಡಯೋಡ್ ರೇಂಜಿಗೆ ಹಾಕಿ. ಎನ್‌ಪಿಎನ್ ಆದರೆ ಕೆಂಪು ಪ್ರೋಬ್ ಬೇಸ್ ಮೇಲಿಟ್ಟು ಕಪ್ಪನ್ನು ಒಂದೊಂದೇ ಕಾಲಿಗೆ ಮುಟ್ಟಿಸಿ. ಒಂದರಲ್ಲಿ 0.655, ಇನ್ನೊಂದರಲ್ಲಿ 0.662, ಹೀಗೆ ಚೂರು ವ್ಯತ್ಯಾಸ ಬರುತ್ತದೆ. ಜಾಸ್ತಿ ತೋರಿಸಿದ್ದು ಎಮಿಟರ್. ಬೆರಳಲ್ಲಿ ಟ್ರಾನ್ಸಿಸ್ಟರ್ ಹಿಡಿದುಕೊಂಡು ಅಳೆಯಬೇಡಿ, ಕೈ ಬಿಸಿಗೇ ಅಂಕಿ ಇಳಿದುಬಿಡುತ್ತದೆ.

ವೋಲ್ಟೇಜ್ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ಒಂದು ಪವರ್ ಆಂಪ್ಲಿಫೈಯರ್, ಸಪ್ಲೈ 35-0-35, ಅಂದರೆ ಗ್ರೌಂಡಿಗಿಂತ 35 ವೋಲ್ಟ್ ಮೇಲೆ, 35 ವೋಲ್ಟ್ ಕೆಳಗೆ. ಇನ್‌ಪುಟ್‌ನಲ್ಲಿ ಎನ್‌ಪಿಎನ್ ಜೋಡಿ. ಬಿಸಿ546 ಇದ್ದ ಜಾಗಕ್ಕೆ ಬಿಸಿ548 ಹಾಕಿದೆ, ಎಲ್ಲ ಒಂದೇ ಕುಟುಂಬ ಅಲ್ವಾ ಅಂತ. ಕುಟುಂಬ ಒಂದೇ, ತಾಳಿಕೆ ಬೇರೆ. ಬಿಸಿ546 ತಡೆಯುವುದು 65 ವೋಲ್ಟ್, ಬಿಸಿ547 45, ಬಿಸಿ548 ಬರೀ 30. ಆ ಜಾಗದಲ್ಲಿ ಎಮಿಟರ್ ಹೆಚ್ಚುಕಮ್ಮಿ ಗ್ರೌಂಡಿನಲ್ಲಿದ್ದು ಕಲೆಕ್ಟರ್ 35ರ ಹತ್ತಿರ ಇರುತ್ತದೆ. ನಾಲ್ಕು ದಿನ ಓಡಿತು. ಐದನೇ ದಿನ ಔಟ್‌ಪುಟ್‌ನಲ್ಲಿ ಡಿಸಿ ಬಂದು ಸ್ಪೀಕರಿನ ಕಾಯಿಲ್ ಸುಟ್ಟಿತು. ಸ್ಪೀಕರಿನ ದುಡ್ಡು ನನ್ನ ಜೇಬಿನಿಂದಲೇ ಹೋಯಿತು. ಅಂದಿನಿಂದ ನಾನು ಬಿಸಿ548 ಕೊಳ್ಳುವುದನ್ನೇ ಬಿಟ್ಟೆ. 548 ಕೆಲಸ ಮಾಡುವಲ್ಲೆಲ್ಲ 546 ಮಾಡುತ್ತದೆ, ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೂ ಇಲ್ಲ.

ಸ್ಟೆಬಿಲೈಸರ್‌ಗಳಲ್ಲಿ ರಿಲೇ (ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಕೆಲಸ ಮಾಡುವ ಸ್ವಿಚ್) ಎಳೆಯುವ ಟ್ರಾನ್ಸಿಸ್ಟರ್‌ಗಳದ್ದು ಬೇರೆ ಲೆಕ್ಕ. ಅಲ್ಲಿ ಟ್ರಾನ್ಸಿಸ್ಟರಿನದೇ ಗೊರಗೊರ ಶಬ್ದ, ಗೇನ್ ಗುಂಪು ಯಾವುದನ್ನೂ ನೋಡಬೇಕಿಲ್ಲ, ಕರೆಂಟ್ ನೋಡಿದರೆ ಸಾಕು. 12 ವೋಲ್ಟಿನ ಸಣ್ಣ ಚೌಕ ರಿಲೇಯ ಕಾಯಿಲ್ ಸುಮಾರು 400 ಓಮ್, ಅಂದರೆ 30 ಮಿಲಿಆಂಪಿಯರ್. ಬಿಸಿ547 ಆರಾಮಾಗಿ ಎಳೆಯುತ್ತದೆ. ಅದೇ ರಿಲೇಯ 5 ವೋಲ್ಟ್ ಮಾದರಿ ಆದರೆ ಕಾಯಿಲ್ 70 ಓಮ್, ಅಂದರೆ 70 ಮಿಲಿಆಂಪಿಯರ್ ದಾಟುತ್ತದೆ. 100ರ ಟ್ರಾನ್ಸಿಸ್ಟರಿಗೆ ಇದು ಜಾಸ್ತಿಯಾಯಿತು ಅಂತ ನನ್ನ ಅಭಿಪ್ರಾಯ. ಅಲ್ಲಿ ನಾನು ಎಸ್8050 ಹಾಕುತ್ತೇನೆ, ಅದು 25 ವೋಲ್ಟ್, 500 ಮಿಲಿಆಂಪಿಯರ್. ಬೇಸ್‌ಗೆ ಕಾಯಿಲ್ ಕರೆಂಟಿನ ಹತ್ತನೇ ಒಂದು ಭಾಗವಾದರೂ ಕೊಡಬೇಕು. ಬೇಸ್ ರೆಸಿಸ್ಟರ್ 10 ಕಿಲೋಓಮ್ ಹಾಕಿ ಬಿಟ್ಟರೆ ರಿಲೇ ಕೆಲವೊಮ್ಮೆ ಎಳೆಯುತ್ತೆ, ಕೆಲವೊಮ್ಮೆ ನಡುಗುತ್ತೆ.

ಒಂದು ಸ್ಟೆಬಿಲೈಸರ್ ಮೂರು ತಿಂಗಳಲ್ಲಿ ಮೂರು ಸಲ ಬಂತು, ಪ್ರತಿ ಸಲವೂ ಅದೇ ಟ್ರಾನ್ಸಿಸ್ಟರ್ ಶಾರ್ಟ್. ಎರಡು ಸಲ ಟ್ರಾನ್ಸಿಸ್ಟರಿನ ಮಾಲು ಸರಿ ಇಲ್ಲ ಅಂತ ಬೈದುಕೊಂಡೆ. ಮೂರನೇ ಸಲ ರಿಲೇ ಕಾಯಿಲ್‌ಗೆ ಅಡ್ಡ ಇರುವ 1ಎನ್4007 ಡಯೋಡಿನ ಒಂದು ಕಾಲನ್ನು ಬಿಚ್ಚಿ ನೋಡಿದೆ. ಓಪನ್. ರಿಲೇ ಆಫ್ ಆದಾಗೆಲ್ಲ ಕಾಯಿಲ್‌ನಿಂದ ಎದ್ದ ವೋಲ್ಟೇಜ್ ನೇರ ಟ್ರಾನ್ಸಿಸ್ಟರ್ ಮೇಲೆ ಬೀಳುತ್ತಿತ್ತು. ಡಯೋಡ್ ಬದಲಿಸಿದ ಮೇಲೆ ಆ ಸ್ಟೆಬಿಲೈಸರ್ ಮತ್ತೆ ಬಂದಿಲ್ಲ.

ಹಳೇ ರೇಡಿಯೋ ಬಂದರೆ ಮಾತ್ರ ಬಿಸಿ547 ಕಡೆ ಕೈ ಹೋಗದ ಹಾಗೆ ನೋಡಿಕೊಳ್ಳುತ್ತೇನೆ. ಬಿಎಫ್494 ಜಾಗದಲ್ಲಿ ಅದನ್ನು ಹಾಕಿ ನೋಡಿದ್ದೇನೆ. ಕಾಗದದ ಮೇಲೆ ಬಿಸಿ547 ಇನ್ನೂ ವೇಗದ್ದು. ಆದರೆ ಕಲೆಕ್ಟರ್ ಬೇಸ್ ನಡುವಿನ ಕೆಪಾಸಿಟೆನ್ಸ್ ಜಾಸ್ತಿ. ಬಿಎಫ್494ರಲ್ಲಿ ಅದು 1 ಪಿಕೋಫ್ಯಾರಡ್ ಆಸುಪಾಸು. ಅದು ಜಾಸ್ತಿಯಾದರೆ ಸಿಗ್ನಲ್ ಕಲೆಕ್ಟರ್‌ನಿಂದ ಬೇಸ್‌ಗೆ ವಾಪಸ್ ಸೋರಿ ಸ್ಟೇಷನ್ ಬದಲು ಸಿಳ್ಳೆ ಕೇಳಿಸುತ್ತದೆ. ಮೇಲಾಗಿ ಬಿಎಫ್494ರಲ್ಲಿ ನಡುವಿನ ಕಾಲು ಎಮಿಟರ್! ಇನ್ನು ಎಸಿ128 ಥರದ ಜರ್ಮೇನಿಯಂ ಇದ್ದ ಕಡೆ ಸಿಲಿಕಾನ್ ಹಾಕಿದರೆ ಬಯಾಸ್ (ಬೇಸ್‌ಗೆ ಮೊದಲೇ ಕೊಟ್ಟಿರುವ ವೋಲ್ಟೇಜ್) ಎಲ್ಲ ಬದಲಿಸಬೇಕು, ಏಕೆಂದರೆ ಅದು 0.2 ವೋಲ್ಟಿಗೇ ಎದ್ದೇಳುತ್ತದೆ, ಇದಕ್ಕೆ 0.6 ಬೇಕು.

ನಮ್ಮಲ್ಲಿ ಹಳೇ ಪ್ರಾಜೆಕ್ಟುಗಳಲ್ಲೆಲ್ಲ ಕಾಣುವ ಲೋಹದ ಟೋಪಿಯ ಎಸ್‌ಎಲ್100 ಬಗ್ಗೆ ಜನ ಈಗಲೂ ಕೇಳುತ್ತಾರೆ. ಅದಕ್ಕೆ 2ಎನ್2219ಎ ಸರಿಹೋಗುತ್ತದೆ. ಅದೇ ಟೋಪಿ, ಅದೇ ಕಾಲು, ಪಕ್ಕಕ್ಕೆ ಚಾಚಿದ ಸಣ್ಣ ಕಿವಿ ಇರುವ ಕಡೆ ಎಮಿಟರ್. ಟೋಪಿ ಒಳಗೆ ಕಲೆಕ್ಟರ್‌ಗೆ ಸೇರಿರುತ್ತದೆ, ಪೆಟ್ಟಿಗೆಯ ತಗಡಿಗೆ ತಾಗಿದರೆ ಕಥೆ ಮುಗಿಯಿತು.

ಇನ್ನು ಟ್ರಾನ್ಸಿಸ್ಟರ್ ವೇಷದಲ್ಲಿ ಇರುವವರು. ಅದೇ ಕಪ್ಪು ಮೂರು ಕಾಲಿನ ಮೈಯಲ್ಲಿ 78ಎಲ್05 ರೆಗ್ಯುಲೇಟರ್, ಟಿಎಲ್431 ವೋಲ್ಟೇಜ್ ರೆಫರೆನ್ಸ್, 2ಎನ್7000 ಮಾಸ್‌ಫೆಟ್ ಎಲ್ಲ ಇರುತ್ತವೆ. ನನ್ನನ್ನು ಹೆಚ್ಚು ಸತಾಯಿಸಿದ್ದು ಸಿ114 ಅಂತ ಬರೆದ ಒಂದು. ಮೀಟರ್ ಹಿಡಿದರೆ ಬೇಸ್‌ನಿಂದ ಎಮಿಟರ್‌ಗೆ ಎರಡೂ ದಿಕ್ಕಿನಲ್ಲಿ 20 ಕಿಲೋಓಮ್. ಕೆಟ್ಟಿದೆ ಅಂತ ಕಿತ್ತು ಬಿಸಾಡಿ ಮಾಮೂಲಿ ಟ್ರಾನ್ಸಿಸ್ಟರ್ ಹಾಕಿದೆ, ಹಾಕಿದ ತಕ್ಷಣ ಅದೂ ಹೋಯಿತು, ಅದನ್ನು ಓಡಿಸುವ ಐಸಿ ಪಿನ್ನೂ ಹೋಯಿತು. ಆಮೇಲೆ ಗೊತ್ತಾಯಿತು, ಅದು ಡಿಟಿಸಿ114ಇ, ಅದರ ಒಳಗೇ ಎರಡು 10 ಕಿಲೋಓಮ್ ರೆಸಿಸ್ಟರ್‌ಗಳಿರುತ್ತವೆ. ಅದನ್ನು ನಂಬಿ ಬೋರ್ಡಿನಲ್ಲಿ ಹೊರಗೆ ರೆಸಿಸ್ಟರೇ ಇಟ್ಟಿರಲಿಲ್ಲ. ಬಿಸಾಡಿದ್ದು ಚೆನ್ನಾಗಿಯೇ ಇತ್ತು.

ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಬಿಸಿ546ಬಿ, ಬಿಸಿ556ಬಿ, ಬಿಸಿ549ಸಿ, ಎಸ್8050, ಎಸ್8550 ನೂರು ನೂರು ತರುತ್ತೇನೆ. ಮನೆಗೆ ಬಂದು ಪ್ರತಿ ಕಟ್ಟಿನಿಂದ ಹತ್ತನ್ನು ಮೀಟರಿನ ಗೇನ್ ಸಾಕೆಟ್‌ಗೆ ಚುಚ್ಚಿ ನೋಡುತ್ತೇನೆ. ಬಿ ಅಂತ ಬರೆದಿದ್ದು 90 ತೋರಿಸಿದರೆ ಆ ಕಟ್ಟು ರಿಲೇಗೆ ಮಾತ್ರ.

ಬದಲಿಸಿದ್ದನ್ನು ಪೆಟ್ಟಿಗೆಯ ಒಳಗೆ ಮಾರ್ಕರ್‌ನಲ್ಲಿ ಬರೆದಿಡುತ್ತೇನೆ. ಹಬ್ಬದ ಆ ಆಂಪ್ಲಿಫೈಯರ್ ಕಳೆದ ವರ್ಷ ಮತ್ತೆ ಬಂತು. ಮುಚ್ಚಳ ತೆಗೆದರೆ ನನ್ನದೇ ಅಕ್ಷರ: "ಮೈಕ್: ಬಿಸಿ547ಸಿ, ಕಾಲು ದಾಟಿಸಿದೆ, 3.3 ಮೆಗ್". ಸಿಪ್ಪೆ ತೊಡಿಸಿದ ಕಾಲು ಹಾಗೇ ಇತ್ತು. ಈ ಸಲ ಹೋಗಿದ್ದು ಬರೀ ಫ್ಯೂಸ್.